ನಡಾವಳಿ ಪುಸ್ತಕದ ಅಂಚಿಗೆ

ಕೋರಂ ಆಗಿದೆ. ಒಂಬತ್ತರಲ್ಲಿ ಎಂಟು ಮಂದಿ,
ಒಂಬತ್ತನೆಯವಳು ಕರು ಹಾಕಲಿರುವ ಹಸುವಿನ ಕಾವಲಿಗೆ.
ಅಗ್ನಿಶಾಮಕ ದಳದ ಕೊಠಡಿಯಲ್ಲೇ ನಮ್ಮ ಪಂಚಾಯಿತಿ;
ಗೋಡೆಗೆ ಹನ್ನೊಂದು ಹೆಲ್ಮೆಟ್ಟು, ಮೂಲೆಯಲ್ಲಿ ಒದ್ದೆ ಕೊಳವೆ,
ಕಿಟಕಿಯಾಚೆ ಲೌಸಿಟ್ಸ್ ಬಯಲಿನ ಜನವರಿ.
ನಾನು ಲೇಯ್ನಾ, ಗುಮಾಸ್ತೆ. ನನಗೆ ಮತವಿಲ್ಲ, ಪೆನ್ನಿದೆ.

ವಿಷಯ ನಾಲ್ಕು: ತುಂಬಿದ ಗಣಿಯ ಮೇಲೆ ಮೂರು ಗಾಳಿಯಂತ್ರ.

ತುಂಬಿದ ಗಣಿ ಅಂದರೆ, ಮೊದಲು ನಮ್ಮೂರಿನ ಅರ್ಧ.
ಹದಿನೇಳು ಮನೆ, ಒಂದು ಗಿರಣಿ, ಗೋರಿಗಳು,
ನನ್ನಜ್ಜಿ ಈಜು ಕಲಿತ ಕೆರೆ.
ಅವುಗಳಡಿ ಕಂದು ಕಲ್ಲಿದ್ದಲಿತ್ತು. ಅಷ್ಟೇ ತಪ್ಪು.
ಆ ವರ್ಷದ ನಡಾವಳಿ ಈಗಲೂ ನನ್ನ ಕಪಾಟಿನಲ್ಲಿದೆ.
ಇಡೀ ಪುಟಕ್ಕೆ ಒಂದೇ ಸಾಲು:
'ಗ್ರಾಮಕ್ಕೆ ತಿಳಿಸಲಾಗಿದೆ.'
ಯಾರು ತಿಳಿಸಿದರು, ಯಾರಿಗೆ ಕೇಳಿಸಿತು, ಯಾರು ಅತ್ತರು?
ಆ 'ಲಾಗಿದೆ'ಗೆ ಮುಖವಿಲ್ಲ,
ಬಾಗಿಲು ತಟ್ಟಿ ಬೈಯೋಣವೆಂದರೆ ಮನೆಯೂ ಇಲ್ಲ.

ಹಾಂದ್ರಿ ಎದ್ದ. ಮೂವತ್ತೊಂದು ವರ್ಷ ಅಗೆಯುವ ಯಂತ್ರ ನಡೆಸಿದವನು,
ಸ್ವಂತ ಸೋದರಮಾವನ ಸೇಬಿನ ತೋಟವನ್ನು
ರಾತ್ರಿ ಪಾಳಿಯಲ್ಲಿ ಬೇರುಸಹಿತ ಎತ್ತಿ ಹಾಕಿದವನು.
"ಆಗಲೂ ದೇಶಕ್ಕೆ ಬೆಳಕು ಅಂದ್ರು. ಈಗಲೂ ದೇಶಕ್ಕೆ ಬೆಳಕು.
ನಮ್ಮೂರೇನು ಬತ್ತಿಯಾ, ಪ್ರತಿ ಸಲ ಉರಿಯೋಕೆ?"
ಯಾರೂ ಕೆಮ್ಮಲಿಲ್ಲ.

ವೋರ್ಶಾಗೆ ಕೆಂಪು ಹದ್ದಿನ ಚಿಂತೆ:
ಚರ್ಚಿನ ಹಿಂದಿನ ಪೈನಿನಲ್ಲಿ ಗೂಡಿದೆ, ಹೋದ ವರ್ಷ ಎರಡು ಮರಿ.
ಬ್ಯಾರ್ನತ್ ದಳದ ನಾಯಕ, ಮೂವತ್ತು ತುಂಬಿಲ್ಲ, ಅವನದು ಲೆಕ್ಕ:
ಯೂನಿಟ್ಟಿಗೆ ಇಷ್ಟು ಪುಡಿಗಾಸು ಊರಿಗೆ ಬಂದರೆ
ಶಿಶುವಿಹಾರಕ್ಕೆ ಸೂರು, ಸಂಜೆಗೊಂದು ಬಸ್ಸು,
ಸೋರದ ಒಂದು ಕೊಳವೆ.
"ಪುಡಿಗಾಸು ಯಾಕೆ?" ಅಂದಳು ವೋರ್ಶಾ, ಹದ್ದನ್ನು ಅಲ್ಲೇ ಬಿಟ್ಟು.
"ಮೂರರಲ್ಲಿ ಒಂದು ನಮ್ಮದೇ ಯಾಕಾಗಬಾರದು?
ಸಾಲ ಮಾಡೋಣ. ತಿರುಗಿದರೆ ನಮಗೆ ತಿರುಗಲಿ,
ಕೆಟ್ಟು ನಿಂತರೆ ನಮ್ಮನ್ನೇ ಬೈದುಕೊಳ್ಳೋಣ."

ಆಮೇಲಿನ ಒಂದು ಗಂಟೆ ಬರೆಯಲು ಯೋಗ್ಯವಲ್ಲ.
ಸೋರ್ಬ್ ನುಡಿಯಲ್ಲಿ ಶುರುವಾದ ಜಗಳ ಜರ್ಮನ್‌ಗೆ ಜಿಗಿದು,
ಅಂಕಿಗಳಿಗೆ ಅದು, ಬೈಗುಳಕ್ಕೆ ನಮ್ಮದು,
ಕೊನೆಗೆ ನಕ್ಷೆಯ ಮೇಲೆ ಬಂದು ಕೂತಿತು.
ಜಿಲ್ಲಾ ಕಚೇರಿ ಕಳಿಸಿದ ನಕ್ಷೆ. ಊರ ಸುತ್ತ ಹಳದಿ ಬಳಿದಿದ್ದಾರೆ,
ಎಂದೂ ಇಲ್ಲಿ ಕಾಲಿಡದವರು, ಸೊಗಸಾಗಿಯೇ.
ಹಾಂದ್ರಿ ಅದರ ಮೇಲೆ ಬೆರಳಿಟ್ಟ:
"ಇಲ್ಲಿ ಕೆರೆಯಿತ್ತು. ಇಲ್ಲಿ ನೆಲ ಇನ್ನೂ ಕುಸಿಯುತ್ತೆ.
ಕಂಬ ನೆಡೋದಾದ್ರೆ ಇನ್ನೂರು ಹೆಜ್ಜೆ ಪೂರ್ವಕ್ಕೆ.
ನಂಗೊತ್ತು. ತುಂಬಿದವನು ನಾನೇ."
ಬೇಡವೆನ್ನಲು ಬಂದವನು ಜಾಗ ತೋರಿಸುತ್ತಿದ್ದ.
ಅದು ಅವನಿಗೇ ಹೊಳೆದು, ಸಿಟ್ಟಾಗಿ ಕುಳಿತ.

ಮತಕ್ಕೆ ಹಾಕುವ ಮುನ್ನ ಅಧ್ಯಕ್ಷರು ಕಣ್ಣಲ್ಲೇ ಎಣಿಸಿದರು:
ಆ ಕಡೆ ನಾಲ್ಕು, ಈ ಕಡೆ ನಾಲ್ಕು.
ಸಮವಾದರೆ ಠರಾವು ಬಿತ್ತು, ಕಾನೂನು ಹಾಗೆ.
ಮಾರ್ಚಿಗೆ ಇಡೋಣವೇ ಎಂದರು.
ಮಣ್ಣು ಪರೀಕ್ಷೆಯಾಗಲಿ, ಬ್ಯಾಂಕು ಬಾಯಿ ಬಿಡಲಿ,
ಹಸುವೂ ಕರು ಹಾಕಲಿ.
ಎಂಟೂ ಕೈ ಎದ್ದವು; ಹಾಂದ್ರಿಯದು ಕೊನೆಗೆ,
ಅದೂ ಮೊಣಕೈ ಮಟ್ಟಕ್ಕೆ.

ಅವರು ಹೋದ ಮೇಲೆ ಕುರ್ಚಿ ಜೋಡಿಸಿ ಬರೆಯಲು ಕೂತೆ.
ತಲೆಯ ಮೇಲಿನ ಟ್ಯೂಬ್‌ಲೈಟು ಇನ್ನೂ ಕಲ್ಲಿದ್ದಲಿನದೇ.
'ವಿಷಯ ನಾಲ್ಕನ್ನು ಮುಂದೂಡಲಾಗಿದೆ.'
ಕೈಗೆ ರೂಢಿ. ಹೊಡೆದು ಹಾಕಿದೆ.
'ವಿಷಯ ನಾಲ್ಕನ್ನು ನಾವು ಮುಂದೂಡಿದೆವು.'

ನನಗೆ ಮತವಿಲ್ಲ, ಆ 'ನಾವು' ನನಗೆ ಸಲ್ಲದು.
ಇರಲಿ. ಮಾರ್ಚಿನಲ್ಲಿ ಓದಿ ಹೇಳುವಾಗ
ಯಾರಾದರೂ ತಕರಾರು ಎತ್ತಲಿ.